ಅರ್ಧಕ್ಕೆ ನಿಂತ ಬಾವುಟ

ಬೋದಿಲ್ ಬಸ್ಸಿನಿಂದ ಇಳಿದಾಗ ಎಲ್ಸ್‌ಬೆಕ್ ಊರಿನಲ್ಲಿ ಗಾಳಿಯೆಂಬುದೇ ಇರಲಿಲ್ಲ. ನವೆಂಬರಿನಲ್ಲಿ ಆ ಊರಿನ ಜನ ಗಾಳಿ ಬೀಸಿದರೆ ಬೈಯುತ್ತಾರೆ, ಬೀಸದಿದ್ದರೆ ಏನೋ ಬರಲಿದೆ ಎಂದು ಕಿವಿಗೊಟ್ಟು ಕೂರುತ್ತಾರೆ. ಗುಡ್ಡದ ಮೇಲಿನ ಹೀದರ್ ಪೊದೆಗಳ ನೇರಳೆ ಬಣ್ಣ ಎಂದೋ ಹೋಗಿ, ಇಡೀ ಗುಡ್ಡ ಹಳೆಯ ಕಂಬಳಿ ಹೊದ್ದ ಹಾಗೆ ಕಂದಾಗಿತ್ತು. ಅದರಾಚೆ ರೋಲ್ಡ್ ಕಾಡು ಮಂಜಿನಲ್ಲಿ ಸೊಂಟದವರೆಗೆ ಮುಳುಗಿ ನಿಂತಿತ್ತು. ಆ ಕಾಡಿನ ಕಡೆ ತಿರುಗಿ ನೋಡಬಾರದು ಎಂದು ರಾಂಡರ್ಸ್ ಪಟ್ಟಣದಿಂದ ಇಲ್ಲಿಯವರೆಗೆ ಬೋದಿಲ್ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಬಸ್ಸು ಮರೆಯಾದ ಕೂಡಲೇ ನೋಡಿದಳು.

ಅವಳ ಅಣ್ಣ ಎಬ್ಬೆ ಹನ್ನೊಂದು ವರ್ಷ ಅದರೊಳಗಿದ್ದ. ನಾಳೆ ಅವನನ್ನು ಮಣ್ಣು ಮಾಡುವವರಿದ್ದರು.

ಇಂಥದೇ ಒಂದು ನವೆಂಬರಿನಲ್ಲಿ ಎಬ್ಬೆ ಕೈಯಲ್ಲೊಂದು ಕತ್ತಿ, ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ಚಳಿಗಾಲದಲ್ಲೂ ಹಸಿರಾಗಿರುವ ಗ್ರಾನ್ ಮರದ ಟೊಂಗೆ ತರಲು ಹೋಗಿದ್ದ. ಚಳಿಗಾಲಕ್ಕೆ ಮುಂಚೆ ಎಲ್ಲರೂ ತಮ್ಮ ಮನೆಯವರ ಗೋರಿಗಳಿಗೆ ಆ ಹಸಿರು ಟೊಂಗೆಗಳನ್ನು ಹೊದಿಸುತ್ತಾರೆ. ಅವನು ತಾಯಿಯ ಗೋರಿಗೆಂದು ಹೋದವನು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ ಎದ್ದಿತು, ಅವನು ಬರಲಿಲ್ಲ. ಪೊಲೀಸರು ಬಂದರು, ನಾಯಿಗಳು ಬಂದವು, ಊರಿನ ಗಂಡಸರೆಲ್ಲ ಸಾಲಾಗಿ ಕೈ ಹಿಡಿದು ಕಾಡು ಜಾಲಾಡಿದರು. ಸಿಗದೆ ಹೋದಾಗ ಊರಿನ ನಾಲಿಗೆಗೆ ಕೆಲಸ ಸಿಕ್ಕಿತು. ಊರ ಹೋಟೆಲಿನಲ್ಲಿ ಬಡಿಸುತ್ತಿದ್ದ ಹೆಂಗಸೊಬ್ಬಳು ಅದೇ ವಾರ ನಾರ್ವೆಗೆ ಹೋಗಿದ್ದಳು, ಎಬ್ಬೆ ಅವಳ ಜೊತೆ ಓಡಿಹೋದ ಎನ್ನಲು ಅಷ್ಟು ಸಾಕಲ್ಲ. ಈ ಸೆಪ್ಟೆಂಬರಿನಲ್ಲಿ ಅರಣ್ಯದ ಕೆಲಸಗಾರರು ಹಿಂದೆ ಆ ಬಿರುಗಾಳಿಗೆ ಬುಡಮೇಲಾಗಿದ್ದ ದೊಡ್ಡ ಬೀಚ್ ಮರವೊಂದನ್ನು ಯಂತ್ರ ಹಚ್ಚಿ ಎಳೆದರು. ಬೇರಿನಡಿ ನೆಲ ಕುಸಿದು ಆದ ಸುಣ್ಣಕಲ್ಲಿನ ಗುಂಡಿಯಿತ್ತು. ಗುಂಡಿಯೊಳಗೆ ಎಲುಬು, ಕತ್ತಿ, ಹೆಸರು ಕೆತ್ತಿದ ಮದುವೆಯುಂಗುರ. ನಾರ್ವೆಯ ಕಥೆ ಕಟ್ಟಿದವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೋದಿಲ್ ರಾಂಡರ್ಸ್‌ನಲ್ಲಿ ಬಟ್ಟೆ ರಿಪೇರಿ ಅಂಗಡಿ ನಡೆಸಿದವಳು. ಹರಿದದ್ದನ್ನು ಹೊಲಿಯಬೇಕು, ಹೊಲಿದ ಮೇಲೆ ದಾರ ಕಡಿಯಬೇಕು, ನೇತಾಡಲು ಬಿಡಬಾರದು, ಇಷ್ಟೇ ಅವಳ ಬುದ್ಧಿ. ಅಣ್ಣನನ್ನು ನೆಲಕ್ಕೆ ಒಪ್ಪಿಸಬೇಕು, ಅತ್ತಿಗೆ ತೂರಾಳ ಅಂಗಳದ ಬಾವುಟ ಕಂಬದ ತುದಿ ಮುಟ್ಟುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ರಾಂಡರ್ಸ್‌ಗೆ ಮರಳಬೇಕು ಎಂದು ಬಂದಿದ್ದಳು. ಎರಡನೆಯದೇ ಕಷ್ಟದ್ದು ಎಂದು ಅವಳಿಗೆ ಗೊತ್ತಿತ್ತು. ಆ ಕಡೆ ಮನೆಮನೆಯ ಅಂಗಳದಲ್ಲೂ ದೇಶದ ಬಾವುಟಕ್ಕೊಂದು ಕಂಬವಿರುತ್ತದೆ. ಸಾವಾದ ಮನೆಯಲ್ಲಿ ಬಾವುಟವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಮಣ್ಣಾದ ಮೇಲೆ ತುದಿಗೆ ಏರಿಸುತ್ತಾರೆ, ಅಲ್ಲಿಗೆ ಮುಗಿಯಿತು. ತೂರಾ ಹನ್ನೊಂದು ವರ್ಷದಿಂದ ದಿನ ಬೆಳಿಗ್ಗೆ ಅರ್ಧಕ್ಕೆ ಏರಿಸುತ್ತಿದ್ದಳು, ಸೂರ್ಯ ಮುಳುಗುವ ಮೊದಲು ಇಳಿಸುತ್ತಿದ್ದಳು. ಮಳೆಯಿರಲಿ, ಹಿಮ ಬೀಳಲಿ. ಬಟ್ಟೆ ಹರಿದರೆ ಹೊಸದು ತರುತ್ತಿದ್ದಳು.

ತೂರಾಳ ಪಕ್ಕದ ಮನೆ ಗುನ್ನಾರನದು. ಊರಿಗೆಲ್ಲ ಬ್ರೆಡ್ಡು ಸುಟ್ಟು ಕೊಟ್ಟು ಈಗ ಬಿಡುವಾಗಿ ಕೂತ ಬೇಕರಿಯವನು. ಬೇಲಿ ಕತ್ತರಿಸುವ ನೆಪದಲ್ಲಿ ಅವಳಿಗಾಗಿಯೇ ಕಾಯುತ್ತಿದ್ದ.

"ಬಂದ್ಯಾ ಬೋದಿಲ್? ಒಂದು ಉಪಕಾರ ಮಾಡು ಮಾರಾಯ್ತಿ. ನಾಳೆ ಬೀದಿಯವರೆಲ್ಲ ಬೆಳಿಗ್ಗೆ ಅರ್ಧಕ್ಕೆ ಏರಿಸ್ತೀವಿ, ಎಬ್ಬೆಗೆ ಮಣ್ಣು ಬಿದ್ದ ಮೇಲೆ ತುದಿಗೆ. ತೂರಾ ಏರಿಸ್ತಾಳಾ ಇಲ್ವಾ, ಅಷ್ಟು ಕೇಳಿ ಹೇಳು."

"ಏರಿಸದೆ ಇನ್ನೇನು ಮಾಡ್ತಾಳೆ?"

"ನಾನು ಕೇಳಿದ್ದಕ್ಕೆ ಮುಖದ ಮೇಲೆ ಕಿಟಕಿ ಹಾಕಿದಳು." ಗುನ್ನಾರ ಕತ್ತರಿಯನ್ನು ಬೇಲಿಯ ಮೇಲೆ ಇಟ್ಟ. "ನನ್ನ ಹೆಂಡತಿಗೆ ಎಪ್ಪತ್ತು ತುಂಬಿದ ದಿನ ಹುಟ್ಟುಹಬ್ಬ ಅಂತ ಬಾವುಟ ಏರಿಸಿದೆ. ಪಕ್ಕದಲ್ಲೇ ಇವಳದ್ದು ಅರ್ಧಕ್ಕೆ. ಬಂದ ನೆಂಟರು ಯಾವ ಮನೆ ಅಂತ ಗೊತ್ತಾಗದೆ, ಕೇಕ್ ಹಿಡ್ಕೊಂಡು ನನ್ನ ಕೈ ಕುಲುಕಿ, ಪಾಪ ಯಾವಾಗ ಹೋದ್ರು ಅಂತ ಕೇಳಿದರು. ಒಳಗಿಂದ ಹೆಂಡತಿಯೇ ಬಂದು, ನಾನಿನ್ನೂ ಹೋಗಿಲ್ಲ, ಕಾಫಿ ಕುಡೀರಿ ಅಂದಳು."

ಬೋದಿಲ್ ನಕ್ಕಳು. ಗುನ್ನಾರ ನಗಲಿಲ್ಲ.

"ತಮಾಷೆ ಸಾಕು. ಆ ಕಂಬದ ಮೇಲಿನ ರಾಟೆಗೆ ಏಣಿ ಇಟ್ಟು ನಾನೇ ಎಣ್ಣೆ ಹಾಕಿದೀನಿ. ಬೆರಳಲ್ಲಿ ತಳ್ಳಿದರೆ ತಿರುಗುತ್ತೆ. ಇವತ್ತು ಸಂಜೆ ಅವಳು ಇಳಿಸುವಾಗ ಸ್ವಲ್ಪ ನೋಡು."

"ಏನು ನೋಡ್ಲಿ?"

"ನಾನು ನೋಡೋದು ಬಿಟ್ಟು ಬಹಳ ದಿನ ಆಯ್ತು. ಆ ಹೊತ್ತಿಗೆ ನಮ್ಮನೇಲಿ ಪರದೆ ಎಳೀತೀವಿ." ಇಷ್ಟು ಹೇಳಿ ಅವನು ಆಗಲೇ ಕತ್ತರಿಸಿ ಮುಗಿಸಿದ್ದ ಬೇಲಿಯನ್ನೇ ಮತ್ತೆ ಕತ್ತರಿಸತೊಡಗಿದ.

ತೂರಾ ಬಾಗಿಲು ತೆಗೆದು ಅವಳನ್ನು ತಬ್ಬಿಕೊಂಡಳು. ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ಬೋದಿಲ್ ಅತ್ತು ಸೊರಗಿದ ಮುಖವನ್ನು ನೋಡಲು ಸಿದ್ಧಳಾಗಿ ಬಂದಿದ್ದಳು. ಅತ್ತಿಗೆ ಚೆನ್ನಾಗಿಯೇ ಇದ್ದಳು. ಕೆನ್ನೆಯಲ್ಲಿ ರಕ್ತವಿತ್ತು, ಕಿಟಕಿಯಲ್ಲಿ ಹೂವಿನ ಕುಂಡಗಳಿದ್ದವು, ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಲಿವರ್ ಪೇಸ್ಟು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಗಂಡನ ಎಲುಬು ಸಿಕ್ಕಿ ಎರಡು ತಿಂಗಳಾಗದ ಮನೆಯೆಂದು ಯಾರೂ ಹೇಳುವಂತಿರಲಿಲ್ಲ. ಬೋದಿಲ್‌ಗೆ ಅದು ಸರಿಬೀಳಲಿಲ್ಲ.

ಹೊತ್ತು ಇಳಿಯುತ್ತಿದ್ದ ಹಾಗೆ ತೂರಾ ಮಾತನ್ನು ಅಲ್ಲಿಗೇ ಬಿಟ್ಟು ಎದ್ದಳು. ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಳು. ತುಟಿಗೆ ತೆಳ್ಳಗೆ ಬಣ್ಣ ಹಚ್ಚಿಕೊಂಡಳು.

"ಎಲ್ಲಿಗೆ ಹೊರಟೆ?" ಬೋದಿಲ್ ಕೇಳಿದಳು.

"ಬಾವುಟ ಇಳಿಸೋಕೆ."

"ಅದಕ್ಕೆ ಇಷ್ಟು ಸಿಂಗಾರವಾ?"

"ನೀನು ಕಾಫಿ ಕುಡಿ, ಆರಿಹೋಗುತ್ತೆ," ಎಂದು ತೂರಾ ಅಂಗಳದ ಬಾಗಿಲಿನಿಂದ ಹೊರಗೆ ಹೋದಳು.

ಬೋದಿಲ್ ಅಡುಗೆಮನೆಯ ಕಿಟಕಿಗೆ ಬಂದು ನಿಂತಳು. ಬಾವುಟ ಕಂಬದ ನಡುವಿನಲ್ಲಿ ಒದ್ದೆ ಟವೆಲಿನ ಹಾಗೆ ಜೋತು ಬಿದ್ದಿತ್ತು. ಅದರ ಒಂದು ಮಡಿಕೆಯೂ ಅಲ್ಲಾಡುತ್ತಿರಲಿಲ್ಲ. ತೂರಾ ಹಗ್ಗದ ಗಂಟು ಬಿಚ್ಚಿ ಮೆಲ್ಲಗೆ ಎಳೆದಳು. ಬಾವುಟ ಇಳಿಯಲಿಲ್ಲ. ಅವಳ ಕೈಗೂ ಬಾವುಟಕ್ಕೂ ನಡುವೆ ಹಗ್ಗ ವೀಣೆಯ ತಂತಿಯಷ್ಟು ಬಿಗಿಯಾಯಿತು. ಅವಳು ತಲೆಯೆತ್ತಿ ಮೇಲಕ್ಕೆ ಏನೋ ಹೇಳಿ ನಕ್ಕಳು. ಮನೆಯೊಳಗೆ ಬಾರದ ನೆಂಟನನ್ನು ರಟ್ಟೆ ಹಿಡಿದು ಕರೆತರುವವರ ನಗುವದು. ಇನ್ನೊಮ್ಮೆ ಎಳೆದಳು. ಕಾಲೂರಿ, ಮೈಭಾರವನ್ನೆಲ್ಲ ಹಾಕಿ ಎಳೆದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಹಗ್ಗ ಸೋತಿತು. ಬಾವುಟ ಕೆಳಗೆ ಬಂತು.

ಅಷ್ಟಗಲದ ಬಾವುಟ ಮಡಚಲು ಇಬ್ಬರು ಬೇಕು, ನೆಲಕ್ಕೆ ತಾಗಿಸುವ ಹಾಗಿಲ್ಲ. ನೆರವಾಗೋಣವೆಂದು ಬೋದಿಲ್ ಅಂಗಳದ ಬಾಗಿಲಿಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು. ತೂರಾ ಒಂದು ತುದಿಯ ಎರಡು ಮೂಲೆ ಹಿಡಿದು ನಿಂತಿದ್ದಳು. ಬಾವುಟ ಅವಳ ಸೊಂಟದ ಎತ್ತರದಲ್ಲಿ, ಹಾಸಿಗೆಯ ಮೇಲೆ ಕೊಡವಿ ಹಾಸಿದ ಚಾದರದ ಹಾಗೆ ನೇರವಾಗಿ ಚಾಚಿಕೊಂಡಿತ್ತು. ಆ ಕಡೆಯ ತುದಿಯಲ್ಲಿ ಯಾರೂ ಇರಲಿಲ್ಲ.

ಬೋದಿಲ್ ಕಣ್ಣುಜ್ಜಿಕೊಂಡಳು. ಅಷ್ಟರಲ್ಲಿ ತೂರಾ ಮಡಚಿದ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಆ ಕಡೆ ಬೆಂಚೋ ಬೇಲಿಯೋ ಇದ್ದಿರಬೇಕು, ಅದರ ಮೇಲೆ ಹಾಸಿರಬೇಕು ಎಂದು ಬೋದಿಲ್ ಇಣುಕಿದಳು. ಬರೀ ಹುಲ್ಲಿತ್ತು. ಅವಳಿಗೆ ಭಯವಾಯಿತು. ಅವಳು ಭಯಪಟ್ಟರೆ ಸಿಟ್ಟಾಗುವ ಜಾತಿಯ ಹೆಂಗಸು.

"ರಾಟೆ ತುಕ್ಕು ಹಿಡಿದಿದೆ ನಿಂದು," ಎಂದಳು, ಒಳಗೆ ಬಂದು ಕೂತ ಮೇಲೆ.

"ಗುನ್ನಾರ ಎಣ್ಣೆ ಹಾಕ್ತಾನೆ."

"ಹಾಗಾದರೆ ಹಗ್ಗ ಎಲ್ಲೋ ಸಿಕ್ಕಿಕೊಳ್ಳುತ್ತೆ."

ತೂರಾ ಅವಳ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಮುಖದಲ್ಲಿ ಬೇಸರವಿರಲಿಲ್ಲ. "ನಾರ್ವೆ ನಾರ್ವೆ ಅಂತ ಊರು ಆಡಿಕೊಂಡಾಗ ಸಿಟ್ಟಿಗೆ ಏರಿಸಿದೆ, ಬೋದಿಲ್. ನನ್ನ ಗಂಡ ಸತ್ತಿದ್ದಾನೆ, ಓಡಿಹೋಗಿಲ್ಲ ಅಂತ ಎಲ್ಲರ ಕಣ್ಣಿಗೆ ಬೀಳಲಿ ಅಂತ. ಅವತ್ತು ಸಂಜೆ ಇಳಿಸೋಕೆ ಹೋದೆ. ಹಗ್ಗ ಹಿಡ್ಕೊಂಡ. ನನಗೆ ಅವತ್ತೇ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಸತ್ತಿದ್ದಾನೆ ಅಂತ. ಮತ್ತೆ, ಹೋಗಿಲ್ಲ ಅಂತ. ದಿನಾ ಸಂಜೆ ಸ್ವಲ್ಪ ಹೊತ್ತು ಹಿಡ್ಕೋತಾನೆ, ನಾನು ಎಳೀತೀನಿ, ಅವನು ಎಳೀತಾನೆ. ಕೊನೆಗೆ ಬಿಡ್ತಾನೆ. ಮದುವೆಯಾದ ಹೊಸದರಲ್ಲೂ ಹೀಗೇ ಆಟ ಆಡಿಸ್ತಿದ್ದ."

ಬೋದಿಲ್ ಹುಚ್ಚು ಎನ್ನಬೇಕೆಂದು ಬಾಯಿ ತೆರೆದಳು, ಹುಲ್ಲಿನ ಮೇಲೆ ನೇರವಾಗಿ ಚಾಚಿದ್ದ ಬಾವುಟ ಕಣ್ಣಿಗೆ ಕಟ್ಟಿ ಬಾಯಿ ಮುಚ್ಚಿಕೊಂಡಳು. ಅದರ ಹಿಂದೆಯೇ ಹೊಟ್ಟೆಕಿಚ್ಚು ಬಂತು. ಒಂದೇ ತಾಯಿಯ ಮಕ್ಕಳು ನಾವು, ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ನನ್ನ ಕಡೆ ಬಂದನೇ, ನನ್ನ ಬಾಗಿಲು ತಟ್ಟಿದನೇ ಎಂದು ಸತ್ತವನ ಮೇಲೆ ಕೋಪಿಸಿಕೊಂಡಳು.

"ನಾಳೆ ತುದಿಗೆ ಏರಿಸಬೇಕು, ತೂರಾ."

"ಇಲ್ಲ."

"ಮಣ್ಣಾದ ಮೇಲೂ ಅರ್ಧಕ್ಕೆ ನಿಲ್ಲಿಸಿದರೆ ಅವನಿಗೆ ನೆಮ್ಮದಿ ಎಲ್ಲಿಂದ ಬರುತ್ತೆ? ಊರಿನಲ್ಲಿ ಯಾರಾದರೂ ಹಾಗೆ ಮಾಡಿದ್ದಾರಾ?"

"ತುದಿಗೆ ಏರಿಸಿದರೆ ಸಂಜೆ ಇಳಿಸಬೇಕು. ಇಳಿಸಿದ ಮೇಲೆ ನಾಡಿದ್ದು ಯಾವ ನೆಪದಲ್ಲಿ ಏರಿಸಲಿ ಹೇಳು. ಮಣ್ಣಾಗಿ ಹೋದವನಿಗೆ ಮತ್ತೆ ಅರ್ಧಕ್ಕೆ ಏರಿಸೋ ಪದ್ಧತಿ ಇದೆಯಾ?"

"ಇಲ್ಲ," ಎಂದು ಬೋದಿಲ್ ಒಪ್ಪಿಕೊಳ್ಳಬೇಕಾಯಿತು.

"ಹಾಗಾದರೆ ಸಂಜೆ ಅವನು ಎಲ್ಲಿಗೆ ಬರ್ತಾನೆ?" ತೂರಾ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿದಳು. "ಪೆಟ್ಟಿಗೆಯೊಳಗಿನ ಎಲುಬು ನಿಮಗೆಲ್ಲ ಇರಲಿ. ಅದನ್ನ ಮಣ್ಣು ಮಾಡಿ, ಹಾಡು ಹೇಳಿ, ನಾನೂ ಬರ್ತೀನಿ. ಹಗ್ಗ ಮಾತ್ರ ಕೇಳಬೇಡ."

ಮರುದಿನವೂ ಗಾಳಿ ಇರಲಿಲ್ಲ. ಚರ್ಚಿನ ಕಂಬದ ಮೇಲೆ, ಬೀದಿಯ ಎಲ್ಲ ಕಂಬಗಳ ಮೇಲೆ ಬಾವುಟಗಳು ಅರ್ಧಕ್ಕೆ ನಿಂತಿದ್ದವು. ಆ ಒಂದು ಬೆಳಿಗ್ಗೆ ತೂರಾಳ ಬಾವುಟ ಊರಿನೊಂದಿಗೆ ಸೇರಿಹೋಗಿತ್ತು. ಶವಪೆಟ್ಟಿಗೆ ಹೊರಲು ಪದ್ಧತಿಯಂತೆ ಆರು ಜನ ಬಂದರು. ಒಳಗಿದ್ದ ತೂಕಕ್ಕೆ ಇಬ್ಬರು ಸಾಕಾಗಿತ್ತು. ಆದರೂ ಆರೂ ಜನ ಭಾರ ಹೊತ್ತವರ ಹಾಗೆ ಹೆಗಲು ಬಗ್ಗಿಸಿ, ಹೆಜ್ಜೆ ಊರಿ ಊರಿ ನಡೆದರು. ಗುನ್ನಾರನೂ ಅವರಲ್ಲೊಬ್ಬ. ಅದನ್ನು ನೋಡಿ ಬೋದಿಲ್‌ಗೆ ತಡೆಯಲಾಗದೆ ಅಳು ಬಂತು. ನಾರ್ವೆಯ ಕಥೆ ಕಟ್ಟಿದವರನ್ನು ಆ ಹೆಜ್ಜೆಗಳಿಗಾಗಿ ಅವಳು ಮನಸ್ಸಿನಲ್ಲೇ ಕ್ಷಮಿಸಿದಳು.

ಚರ್ಚಿನ ಹಿಂದೆ ಗೋರಿಗಳೆಲ್ಲ ಆಗಲೇ ಹಸಿರು ಟೊಂಗೆ ಹೊದ್ದು ಚಳಿಗಾಲಕ್ಕೆ ಮಲಗಿದ್ದವು. ಗ್ರಾನ್ ಮರದ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತಾಯಿಯ ಪಕ್ಕದಲ್ಲಿ ಅಗೆದ ಕುಣಿಯ ಬಳಿ ಪಾದ್ರಿ ಮರೇನ್ ನಿಂತಿದ್ದಳು. ಊರಿಗೆ ಬಂದು ಎರಡು ವರ್ಷವಾದ ಚಿಕ್ಕ ವಯಸ್ಸಿನ ಹೆಂಗಸು, ಎಬ್ಬೆಯನ್ನು ಕಂಡವಳೇ ಅಲ್ಲ. ಅವಳು ಪುಟ್ಟ ಸಲಿಕೆಯಿಂದ ಮೂರು ಸಲ ಮಣ್ಣು ಹಾಕಿದಳು. ಮಣ್ಣಿನಿಂದ ಬಂದದ್ದು ಮಣ್ಣಾಗುವ, ಮಣ್ಣಿನಿಂದಲೇ ಮತ್ತೆ ಏಳುವ ಮಾತು ಹೇಳಿದಳು. ಜನ ಹಾಡತೊಡಗಿದರು. ಹಾಡು ನಡುವಿನಲ್ಲಿರುವಾಗಲೇ ತೂರಾ ಕೋಟಿನ ಗುಂಡಿ ಹಾಕಿಕೊಂಡು, ಯಾರನ್ನೂ ನೋಡದೆ, ಮನೆಯ ಕಡೆ ನಡೆದಳು.

"ಹೋಗಿ ಕರ್ಕೊಂಡು ಬರಲಾ?" ಮರೇನ್ ಮೆಲ್ಲಗೆ ಕೇಳಿದಳು.

"ಬೇಡ, ನೀನು ಹಾಡು ಮುಗಿಸು," ಎಂದಳು ಬೋದಿಲ್.

ಹಾಡು ಮುಗಿಯಿತು. ಚರ್ಚಿನ ಆಳು ಕಂಬದ ಬಳಿ ಹೋಗಿ ಬಾವುಟವನ್ನು ತುದಿಗೆ ಏರಿಸಿದ. ಅಲ್ಲಿಂದ ಶುರುವಾಗಿ ಬೀದಿಯ ಬಾವುಟಗಳೆಲ್ಲ ಒಂದೊಂದಾಗಿ ಮೇಲೇರಿದವು. ಹೋಟೆಲಿನಲ್ಲಿ ಕಾಫಿ, ಬನ್ನು, ಗಂಡಸರಿಗೊಂದು ಗುಟುಕು ಸ್ನ್ಯಾಪ್ಸ್ ಸಾರಾಯಿ ಎಲ್ಲ ಸಿದ್ಧವಾಗಿತ್ತು. ಜನ ಅಲ್ಲಿಗೆ ಹೋದರು, ಆದರೆ ನಿಲ್ಲಲಿಲ್ಲ. ಬನ್ನು ಕೈಯಲ್ಲಿ ಹಿಡಿದುಕೊಂಡೇ ಒಬ್ಬೊಬ್ಬರಾಗಿ ತೂರಾಳ ಬೀದಿಗೆ ಬಂದರು. ಒಬ್ಬ ಬೂಟಿನ ದಾರ ಕಟ್ಟಿಕೊಂಡ. ಒಬ್ಬಳು ಗುನ್ನಾರನ ಬೇಲಿ ಎಷ್ಟು ಚೆಂದ ಕತ್ತರಿಸಿದೆ ಎಂದು ಹೊಗಳಿದಳು. ಬೀದಿ ತುಂಬ ಬಾವುಟಗಳು ತುದಿಯಲ್ಲಿದ್ದವು, ಸತ್ತವನ ಮನೆಯದೊಂದೇ ಅರ್ಧಕ್ಕೆ ನಿಂತಿತ್ತು. ಸೂರ್ಯ ಕಾಡಿನ ಮೇಲಕ್ಕೆ ಬಂದು ಕೂತಿದ್ದ.

"ಏನೇ ಆದರೂ ಕತ್ತಲಾಗೋಕೆ ಬಿಡಬೇಡ ಬೋದಿಲ್," ಎಂದ ಗುನ್ನಾರ. ಸೂರ್ಯ ಮುಳುಗಿದ ಮೇಲೂ ಕಂಬದ ಮೇಲಿರುವ ಬಾವುಟ ಸೈತಾನನಿಗೆ ಏರಿಸಿದ ಬಾವುಟವೆಂಬುದು ಆ ಕಡೆಯ ಮಕ್ಕಳಿಗೂ ಗೊತ್ತಿದ್ದ ಮಾತು. "ತುದಿಗೋ ಕೆಳಕ್ಕೋ, ಎಲ್ಲಿಗಾದರೂ ಒಯ್ಯಲಿ. ಇವತ್ತು ಅಲ್ಲೇ ನಿಲ್ಲೋದು ಬೇಡ."

ತೂರಾ ಅಂಗಳದ ಮೆಟ್ಟಿಲ ಮೇಲೆ ಕಪ್ಪು ಕೋಟಿನಲ್ಲೇ ಕೂತಿದ್ದಳು. ತಲೆ ಬಾಚಿಯಾಗಿತ್ತು. ಬೋದಿಲ್ ನೇರವಾಗಿ ಕಂಬದ ಬಳಿಗೆ ಹೋಗಿ ಹಗ್ಗದ ಗಂಟಿಗೆ ಕೈ ಹಾಕಿದಳು.

"ಬಿಡು ಅದನ್ನ," ಎಂದಳು ತೂರಾ.

"ಒಂದು ಸಲ ನನಗೂ ಕೊಡು. ನಿನಗೆ ಗಂಡನಾಗೋಕೆ ಮುಂಚೆ ನನಗೆ ಅಣ್ಣ ಅವನು."

ತೂರಾ ಅವಳ ಮುಖ ನೋಡಿದಳು. ಆಮೇಲೆ ಬೀದಿಯ ಕಡೆ ಮುಖ ತಿರುಗಿಸಿದಳು. ಅದನ್ನೇ ಒಪ್ಪಿಗೆಯೆಂದು ತಿಳಿದು ಬೋದಿಲ್ ಗಂಟು ಬಿಚ್ಚಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಮೋಸ. ಅತ್ತಿಗೆ ಎದ್ದು ಬರುವ ಮೊದಲೇ ಸರಸರನೆ ತುದಿಗೆ ಏರಿಸಿಬಿಡಬೇಕು, ಬೈದರೆ ಬೈಸಿಕೊಂಡರಾಯಿತು ಎಂದುಕೊಂಡಿದ್ದಳು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಳು, ಇನ್ನೂ ಎಳೆದಿರಲಿಲ್ಲ.

ಆ ಕಡೆಯಿಂದ ಯಾರೋ ಎಳೆದರು.

ಬೋದಿಲ್ ತಲೆಯೆತ್ತಿ ನೋಡಿದಳು. ಬಾವುಟದ ಒಂದು ಎಳೆಯೂ ಅಲ್ಲಾಡುತ್ತಿರಲಿಲ್ಲ. ಹಗ್ಗ ಮಾತ್ರ ಅವಳ ಅಂಗೈಯನ್ನು ಮೇಲಕ್ಕೆ, ಮೇಲಕ್ಕೆ ಕರೆಯುತ್ತಿತ್ತು. ಕೈ ಬಿಟ್ಟು ಓಡಬೇಕೆನ್ನಿಸಿತು. ಓಡಲಿಲ್ಲ, ಏಕೆಂದರೆ ಆ ಎಳೆತದ ಗುರುತು ಅವಳ ಕೈಗಿತ್ತು. ಶಾಲೆಗೆ ಹೊತ್ತಾದ ಚಳಿಗಾಲದ ಬೆಳಿಗ್ಗೆಗಳಲ್ಲಿ ಅವಳು ದಾರಿಯ ಹಿಮದಲ್ಲಿ ಆಡುತ್ತಾ ನಿಂತರೆ ಎಬ್ಬೆ ಹೀಗೇ ಎಳೆಯುತ್ತಿದ್ದ. ಒರಟಾಗಿ ಅಲ್ಲ. ತೋಳು ನೋಯದ ಹಾಗೆ, ಆದರೆ ಬಿಡದ ಹಾಗೆ. ಅಣ್ಣ ಆಟಕ್ಕೆ ಎಳೆಯುವುದಕ್ಕೂ ಹೊರಡಲು ಎಳೆಯುವುದಕ್ಕೂ ಇರುವ ವ್ಯತ್ಯಾಸ ತಂಗಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ?

"ತೂರಾ," ಎಂದಳು. "ಇಲ್ಲಿ ಬಾ."

"ಇದ್ದಾನಾ?" ತೂರಾ ಎದ್ದು ನಿಂತಳು. ಮುಖದಲ್ಲಿ ಅದೇ ನಗು ಬರುತ್ತಿತ್ತು. "ಹೇಳಿರಲಿಲ್ವಾ ನಾನು?"

"ಇದ್ದಾನೆ. ಹಗ್ಗ ಹಿಡಿ, ಬಾ. ಎಳೀಬೇಡ. ಸುಮ್ಮನೆ ಹಿಡಿ."

"ಎಳೆಯದೆ ಹೇಗೆ? ನಾನು ಎಳೆದರೆ ತಾನೆ ಅವನು..."

"ನಾನು ಹೇಳ್ತಿದೀನಲ್ಲ. ಒಂದೇ ಒಂದು ಸಲ, ಎಳೀಬೇಡ."

ತೂರಾ ಬಂದು, ಬೋದಿಲ್‌ಳ ಕೈಗಳ ಕೆಳಗೆ ಹಗ್ಗ ಹಿಡಿದಳು. ಬೋದಿಲ್ ತನ್ನ ಕೈ ತೆಗೆದಳು. ಹನ್ನೊಂದು ವರ್ಷದ ಅಭ್ಯಾಸ, ತೂರಾಳ ರಟ್ಟೆ ತಾನಾಗಿಯೇ ಬಿಗಿಯಾಯಿತು. ಅವಳು ಅದನ್ನು ಕಷ್ಟಪಟ್ಟು ಸಡಿಲಿಸಿದಳು. ಹಗ್ಗ ಅವಳ ಅಂಗೈಯೊಳಗಿನಿಂದ ಮೇಲಕ್ಕೆ ಸರಿಯಿತು. ಬಾವುಟ ಒಂದು ಗೇಣು ಏರಿತು. ಅವಳು ಬೆಚ್ಚಿ ಬಿಗಿಹಿಡಿದಳು. ಹಗ್ಗ ನಿಂತಿತು, ನಿಂತು ಅವಳ ಮುಷ್ಟಿಯಲ್ಲಿ ನಡುಗಿತು.

"ಅವನು ಹಿಡ್ಕೊಂಡಿಲ್ಲ ತೂರಾ," ಬೋದಿಲ್ ಹೇಳಿದಳು. "ಹೊರಟಿದ್ದಾನೆ. ಹಿಡ್ಕೊಂಡಿರೋದು ನೀನು."

"ಸುಳ್ಳು."

"ಸುಳ್ಳಾದರೆ ಇನ್ನೊಮ್ಮೆ ಸಡಿಲಬಿಟ್ಟು ನೋಡು."

ತೂರಾ ಸಡಿಲಬಿಡಲಿಲ್ಲ. ನಗು ಮುಖದಿಂದ ಇಳಿದುಹೋಯಿತು. ಅವಳು ತನ್ನ ಮುಷ್ಟಿಯನ್ನೇ ನೋಡುತ್ತಾ ನಿಂತಳು.

"ದಿನಾ ಸಂಜೆ," ಎಂದಳು. "ದಿನಾ ಸಂಜೆ ಅವನು ಹೊರಡೋಕೆ ನೋಡಿದ್ದಾನೆ. ನಾನು ಮೈಭಾರ ಹಾಕಿ ಎಳೆದು ಕೆಳಗೆ ತಂದಿದೀನಿ. ನಗ್ತಾ ತಂದಿದೀನಿ ಬೋದಿಲ್. ಆಟ ಆಡಿಸ್ತೀಯಾ ಅಂತ ಕೇಳಿದೀನಿ ಅವನನ್ನ."

"ನಿನಗೆ ಹೇಗೆ ಗೊತ್ತಾಗಬೇಕು?"

"ಹೆಂಡತಿಗೆ ಗೊತ್ತಾಗಬೇಕಿತ್ತು."

ಬೀದಿಯಲ್ಲಿ ಯಾರೂ ಈಗ ಬೇಲಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಈ ಅಂಗಳದ ಮೇಲಿತ್ತು. ಸೂರ್ಯ ಬೀಚ್ ಮರಗಳ ಬೋಳು ಟೊಂಗೆಗಳೊಳಗೆ ಇಳಿಯತೊಡಗಿದ್ದ. ಅವಸರ ಮಾಡು ಎಂದು ಹೇಳಬೇಕಾಗಿದ್ದವಳು ಬೋದಿಲ್. ಬಾವುಟ ತುದಿ ಮುಟ್ಟುವುದನ್ನು ನೋಡಲೆಂದೇ ಬಂದವಳು ಅವಳು. ಈಗ ಅದು ಮುಟ್ಟುವ ಹೊತ್ತಿಗೆ, ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಇರಲಿ ಎಂದು ಅವಳ ಮನಸ್ಸೂ ಹಗ್ಗ ಹಿಡಿದುಕೊಂಡಿತು.

ತೂರಾ ಹಣೆಯನ್ನು ಕಂಬಕ್ಕೆ ಆನಿಸಿದಳು. ಅವಳು ಗಂಡನಿಗೆ ಏನು ಹೇಳಿದಳೋ ಬೋದಿಲ್‌ಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಇಲ್ಲ. ಆಮೇಲೆ ಮುಷ್ಟಿ ತೆರೆದಳು.

ಹಗ್ಗ ಅವಳ ಅಂಗೈಯ ಮೇಲೆ ಹರಿದುಹೋಯಿತು. ಬಾವುಟ ಏರಿತು. ರಾಟೆಯ ಸದ್ದೂ ಇರಲಿಲ್ಲ. ತುದಿ ಮುಟ್ಟಿದ್ದೇ, ಎರಡು ದಿನದಿಂದ ಎಲೆಯೂ ಅಲುಗದಿದ್ದ ಆ ಊರಿನಲ್ಲಿ, ಆ ಒಂದು ಬಾವುಟ ಮಾತ್ರ ಪೂರ್ತಿ ಬಿಚ್ಚಿಕೊಂಡಿತು. ಕೆಂಪು ಬಟ್ಟೆ, ಬಿಳಿ ಶಿಲುಬೆ, ಒಂದು ಸುಕ್ಕಿಲ್ಲದೆ. ಬೀದಿಯ ಬೇರೆ ಬಾವುಟಗಳು ಹಾಗೇ ಜೋತುಬಿದ್ದಿದ್ದವು. ಗುನ್ನಾರ ಟೋಪಿ ತೆಗೆದ. ಅವನನ್ನು ನೋಡಿ ಉಳಿದವರೂ ತೆಗೆದರು. ಬನ್ನು ಹಿಡಿದಿದ್ದವನೊಬ್ಬ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಟೋಪಿಯೊಳಗೇ ಹಾಕಿಕೊಂಡ.

ನೋಡುತ್ತಿದ್ದ ಹಾಗೆ ಬಾವುಟ ಮೆಲ್ಲಗೆ ಮುದುಡಿ, ಎಲ್ಲ ಬಾವುಟಗಳ ಹಾಗೆ ಕೆಳಗೆ ಜೋತಿತು.

"ಇಳಿಸಬೇಕು," ಎಂದು ಬೋದಿಲ್ ಹೇಳಿದಳು. ಕಾಡಿನ ಮೇಲೆ ಸೂರ್ಯನ ಅಂಚು ಮಾತ್ರ ಉಳಿದಿತ್ತು.

ತೂರಾ ಹಗ್ಗವನ್ನು ಹಿಡಿದು, ಕಾಲೂರಿ, ಬೆನ್ನು ಬಗ್ಗಿಸಿ, ದಿನದ ಹಾಗೆ ಮೈಭಾರ ಹಾಕಿ ಎಳೆದಳು. ಹಗ್ಗ ಎಷ್ಟು ಸಲೀಸಾಗಿ ಬಂತೆಂದರೆ ಅವಳು ಹಿಂದಕ್ಕೆ ಮುಗ್ಗರಿಸಿದಳು, ಬೋದಿಲ್ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದಳು. ಬಾವುಟ ಒಂದೇ ಎಳೆತಕ್ಕೆ ಕೆಳಗೆ ಬಂದು ಅವರಿಬ್ಬರ ಹೆಗಲ ಮೇಲೆ ಬಿತ್ತು. ಬೀದಿಯ ಜನ ತಮ್ಮ ತಮ್ಮ ಬಾವುಟ ಇಳಿಸಲು ಹೋದರು. ಗುನ್ನಾರನ ಮನೆಯಲ್ಲಿ ಪರದೆ ತೆರೆದೇ ಇತ್ತು.

ತೂರಾ ಬಾವುಟವನ್ನು ಹಗ್ಗದಿಂದ ಬಿಚ್ಚಿ ಬೋದಿಲ್‌ಳ ಕೈಗೆ ಕೊಟ್ಟಳು. ಬರಿದಾದ ಹಗ್ಗವನ್ನು ಮತ್ತೆ ಹಿಡಿದು ಮೆಲ್ಲಗೆ ಎಳೆದಳು. ಅದು ಬಂತು. ಇನ್ನೊಮ್ಮೆ ಎಳೆದಳು, ಮತ್ತೂ ಬಂತು. ಅವಳು ಎಳೆಯುತ್ತಲೇ ಹೋದಳು. ಹಗ್ಗ ಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದು ಸುತ್ತುತ್ತಿತ್ತು, ಎಲ್ಲಿಯೂ ತಡೆಯಲಿಲ್ಲ.

"ಬೋದಿಲ್," ಎಂದಳು, ಎಳೆಯುವುದನ್ನು ನಿಲ್ಲಿಸದೆ. "ನಾಳೆ ಈ ಹೊತ್ತಿಗೆ ನಾನು ಏನು ಮಾಡಲಿ?"

ಬೋದಿಲ್ ಬಾವುಟವನ್ನು ಎದೆಗೆ ಅವುಚಿಕೊಂಡು, ಅತ್ತಿಗೆಯ ಕೈ ನಿಲ್ಲುವುದನ್ನೇ ಕಾಯುತ್ತಾ ಅಲ್ಲೇ ನಿಂತಳು.